ಗಂಟಲು ಕೈಕೊಟ್ಟು ಕೆಲಸ ಬಿಟ್ಟಾಗ

ಡೊಂಬಿವಲಿಯ ಶಾಲೆಯಲ್ಲಿ ಪಾಠ ಮಾಡಿ ಮಾಡಿ ನನ್ನ ಗಂಟಲು ಹಾಳಾಯಿತು. ಒಂದು ತಿಂಗಳು ಪಿಸುಮಾತೂ ಕೂಡದು, ಮತ್ತೆ ತರಗತಿಗೆ ಹೋಗುವ ಯೋಚನೆಯನ್ನೇ ಬಿಡಿ ಎಂದರು ಡಾಕ್ಟರು. ಸ್ವಯಂ ನಿವೃತ್ತಿಯ ಬಗ್ಗೆ ಕೇಳಲು ಠಾಣೆ ನಗರದ ಶಿಕ್ಷಣ ಇಲಾಖೆಯ ಆಫೀಸಿಗೆ ಹೊರಟಾಗ, ನನ್ನ ಬದಲು ಮಾತಾಡಲು ಗಂಡನೂ ಬಂದರು. ಅವರದು ಕಲ್ಯಾಣದಲ್ಲಿ ಸಣ್ಣ ಹೋಟೆಲು.

ನನಗೆ ಕಿವಿಯೂ ಕೇಳಿಸದು ಎಂದುಕೊಂಡು ಕೌಂಟರಿನ ಹೆಂಗಸು ಮರಾಠಿಯಲ್ಲಿ ಕೂಗಿ ಹೇಳಿದಳು: "ಮ್ಯಾಡಮ್, ನಿಮಗೆ ಹಳೇ ಪೆನ್ಶನ್ ಇಲ್ಲ! ಸಂಬಳದಲ್ಲಿ ಹಿಡಿದ ದುಡ್ಡು, ಸರ್ಕಾರ ಸೇರಿಸಿದ್ದು, ಅಷ್ಟೇ. ಈಗಲೇ ಬಿಟ್ಟರೆ ತಿಂಗಳಿಗೆ ತೀರಾ ಕಡಿಮೆ ಬರುತ್ತದೆ. ಮನೆ ಹೇಗೆ ನಡೆಸುತ್ತೀರಿ?"

ಇಡೀ ಆಫೀಸು ನಮ್ಮ ಕಡೆ ತಿರುಗಿತು. ಇನ್ನೆರಡು ವರ್ಷ ಹೇಗಾದರೂ ತಳ್ಳುತ್ತೇನೆ ಎಂದು ಚೀಟಿಯಲ್ಲಿ ಬರೆಯತೊಡಗಿದೆ. ಗಂಡ ಅದರ ಮೇಲೆ ಕೈ ಇಟ್ಟರು.

"ಲಾಕ್‌ಡೌನಿನಲ್ಲಿ ನನ್ನ ಹೋಟೆಲು ಮುಚ್ಚಿದಾಗ ಮನೆ ನಡೆದದ್ದು ಇವಳ ಸಂಬಳದಲ್ಲಿ. ಹೋಟೆಲಿನ ಬಾಡಿಗೆಯನ್ನೂ ಇವಳೇ ಕಟ್ಟಿದಳು," ಎಂದರು ತಮ್ಮ ಹರಕುಮುರುಕು ಮರಾಠಿಯಲ್ಲಿ. "ಒಂದು ದಿನವೂ ಅದನ್ನು ಎತ್ತಿ ಆಡಲಿಲ್ಲ. ಇನ್ನು ಕಡಿಮೆ ಬಿದ್ದದ್ದನ್ನು ಹೋಟೆಲು ಕೊಡುತ್ತದೆ. ಫಾರ್ಮ್ ಕೊಡಿ."

ಅವಳು ದನಿ ತಗ್ಗಿಸಿ ಫಾರ್ಮ್ ಕೊಟ್ಟಳು. ಸಹಿ ಹಾಕಿದೆ.

ಸ್ಟೇಷನ್ನಿನ ಸೇತುವೆ ಹತ್ತುವಾಗ, "ನಾನು ಹೇಳಿದ್ದು ಹೆಚ್ಚಾಯ್ತಾ ಮಾರಾಯ್ತಿ?" ಎಂದು ಕೇಳಿದರು. ಇಲ್ಲವೆಂದು ತಲೆಯಾಡಿಸಿದೆ. ನನ್ನ ದನಿ ನೆಟ್ಟಗಿದ್ದಿದ್ದರೆ ಮೊದಲ ಮಾತಿಗೇ ಅವರನ್ನು ತಡೆದುಬಿಡುತ್ತಿದ್ದೆ; ಅವರ ಮನಸ್ಸಿನಲ್ಲಿ ಇಷ್ಟೆಲ್ಲ ಇದೆ ಎಂದು ನನಗೆ ಗೊತ್ತೇ ಆಗುತ್ತಿರಲಿಲ್ಲ.