ಹುಲ್ಲಿನ ಗೋಡೆಗೆ ಮಾವನ ಆರೈಕೆ

ನಮ್ಮ ಮಾವನಿಗೆ ಸುಮ್ಮನೆ ಕೂರುವುದೆಂದರೆ ಆಗಿಬರದು. ಬಾಳಿಡೀ ಗಾರೆ ಕೆಲಸದ ಮೇಸ್ತ್ರಿಯಾಗಿ ಕಂಡವರ ಮನೆಗಳನ್ನೆಲ್ಲ ಎಬ್ಬಿಸಿ ನಿಲ್ಲಿಸಿದವರು. ಅತ್ತೆ ತೀರಿಕೊಂಡ ಮೇಲೆ ಅವರನ್ನು ನಾವಿರುವ ಈ ಪರದೇಶಕ್ಕೆ ಕರೆಸಿಕೊಂಡೆವು. ನಾಲ್ಕನೇ ಮಹಡಿಯ ಬಾಡಿಗೆ ಮನೆಯಲ್ಲಿ ಕಿಟಕಿಯಿಂದ ಸೋಫಾಕ್ಕೆ, ಸೋಫಾದಿಂದ ಕಿಟಕಿಗೆ ಓಡಾಡಿ ಸೊರಗಿಹೋದರು.

"ಕಾಲಿಟ್ಟರೆ ನೆಲ ಸಿಗೋ ಮನೆ ಆದ್ರೆ ಇರ್ತೀನಿ ಕಣಮ್ಮ. ಚಳಿ ಬರೋದ್ರೊಳಗೆ ನಿಮ್ಮ ಮನೆ ಮುಗೀಲಿಲ್ಲ ಅಂದ್ರೆ ನನ್ನ ಪಾಡಿಗೆ ನಾನು ವಾಪಸ್ ಹೊರಟೆ," ಎಂದು ನನ್ನ ಮುಂದೆ ಹೇಳಿಯೇಬಿಟ್ಟರು. ಅಪ್ಪನನ್ನು ಕಾಣದೆ ಬೆಳೆದ ನನಗೆ ಅವರು ಹೋಗುವುದು ಸುತರಾಂ ಇಷ್ಟವಿರಲಿಲ್ಲ.

ಊರ ಹೊರಗಿನ ಪುಟ್ಟ ಜಾಗದಲ್ಲಿ ಮನೆ ಏಳುತ್ತಿತ್ತು. ಮರದ ಚೌಕಟ್ಟು, ಅದರ ನಡುವೆ ಒತ್ತಿ ಕಟ್ಟಿದ ಒಣಹುಲ್ಲಿನ ಹೊರೆಗಳು, ಎರಡೂ ಕಡೆ ಮಣ್ಣಿನ ಗಿಲಾವು. ಚಳಿಗೆ ಬೆಚ್ಚಗೆ, ಬಿಸಿಲಿಗೆ ತಂಪು, ಮುಂದೊಂದು ದಿನ ಬಿದ್ದರೂ ಮಣ್ಣಿಗೇ ಸೇರುತ್ತದೆ ಎಂದು ನಮ್ಮನೆಯವರು ವಿವರಿಸಿದರು.

"ಕಟ್ಟೋಕೆ ಮುಂಚೆನೇ ಬೀಳೋ ಮಾತಾಡ್ತೀಯಲ್ಲೋ," ಎಂದರು ಮಾವ. "ಇದು ಮನೆನೋ, ಬಣವೆನೋ? ಯಾರದ್ದಾದ್ರೂ ಹಸು ಬಂತು ಅಂದ್ರೆ ನಾವು ಹೊರಗೆ."

ಆದರೂ ಮಣ್ಣು ಕಲಸುವ ದಿನ ಪ್ಯಾಂಟನ್ನು ಮೊಣಕಾಲಿಗೆ ಮಡಚಿ ಗುಂಡಿಗೆ ಇಳಿದವರು ಅವರೇ ಮೊದಲು. ಕಾಲಲ್ಲಿ ತುಳಿದರು, ಹದ ನೋಡಿದರು, ನನಗೂ ಕರಣೆ ಹಿಡಿಸಿದರು. ಬಟ್ಟೆ ಹೊಲಿಯುವ ಕೈ ನನ್ನದು. ನಾನು ಮೆತ್ತಿದ್ದು ಅರ್ಧ ಗೋಡೆಗೆ, ಅರ್ಧ ನನ್ನ ತಲೆಗೆ. "ಸೊಸೆಗೆ ಗಿಲಾವು ಚೆನ್ನಾಗಿ ಕೂತಿದೆ, ಗೋಡೆದೇ ಸ್ವಲ್ಪ ಬಾಕಿ," ಎಂದು ಮಾವ ನಕ್ಕರು. ಅತ್ತೆ ಹೋದ ಮೇಲೆ ಅವರು ಹಾಗೆ ನಕ್ಕದ್ದು ಅದೇ ಮೊದಲು.

ಇನ್ನು ಗೋಡೆ ಒಣಗಬೇಕು, ಅಷ್ಟೇ. ನಾನು ಟೈಲರ್ ಅಂಗಡಿಗೆ, ಇವರು ಬಸ್ಸು ಓಡಿಸಲಿಕ್ಕೆ ಹೋದರೆ, ಮಾವ ಬೆಳಿಗ್ಗೆಯೇ ಜಾಗಕ್ಕೆ ಹೋಗಿ ಕಾವಲಿರುತ್ತಿದ್ದರು. ಆಗಾಗ, ಚೌಕಟ್ಟು ನಿಲ್ಲಿಸಿಕೊಟ್ಟ ಈ ದೇಶದ ಬಡಗಿ ಬಂದು, ತೇವ ಅಳೆಯುವ ಯಂತ್ರದ ಉದ್ದ ಮೊಳೆಯನ್ನು ಗೋಡೆಗೆ ಚುಚ್ಚಿ ನೋಡುತ್ತಿದ್ದ. ಬೇರೆ ಗೋಡೆಗಳೆಲ್ಲ ಒಣಗಿದವು. ಮಾವನ ಕೋಣೆಯದು ಮಾತ್ರ ಜಪ್ಪಯ್ಯ ಅಂದರೂ ಒಣಗಲೊಲ್ಲದು. ಮಳೆಯಿಲ್ಲ, ಸೂರು ಸೋರಿಲ್ಲ, ನಲ್ಲಿಯ ಪೈಪೂ ಆ ಕಡೆ ಇಲ್ಲ. ಇತ್ತ ಬೆಳಗಿನ ಗಾಳಿ ಆಗಲೇ ಕೊರೆಯತೊಡಗಿತ್ತು.

ಕೊನೆಗೆ ಬಡಗಿ ಕೈಚೆಲ್ಲಿದ. ಒಳಗಿನ ಹುಲ್ಲು ಕೊಳೆಯುವ ಮೊದಲು ಗೋಡೆ ಒಡೆದುಹಾಕಿ, ಚಳಿ ಕಳೆದ ಮೇಲೆ ಹೊಸದಾಗಿ ಕಟ್ಟಬೇಕು ಎಂದ. ಇವರು ಅದನ್ನು ನಮಗೆ ಕನ್ನಡದಲ್ಲಿ ಹೇಳಿದರು. ಬಡಗಿ ಸುತ್ತಿಗೆ ಎತ್ತಿಕೊಂಡ.

"ತಡಿಯೋ, ಒಡೀಬೇಡ ಅನ್ನು ಅವನಿಗೆ," ಮಾವ ಗೋಡೆಗೆ ಅಡ್ಡ ನಿಂತರು. "ನಾನು ಎಲ್ಲಾ ಸರಿಯಾಗೇ ಮಾಡಿದೀನಿ. ದಿನಾ ಬೆಳಿಗ್ಗೆ ತಪ್ಪದೆ ಕ್ಯೂರಿಂಗ್ ಮಾಡಿದೀನಿ."

"ಏನು ಮಾಡಿದೀರಿ ಮಾವ?"

"ನೀರು ಹೊಡೆದಿದೀನಮ್ಮ. ನಿಮ್ಮ ಗೋಡೆ ನಿಮ್ಮಿಷ್ಟ, ನನ್ನ ಕೋಣೆದಾದ್ರೂ ಗಟ್ಟಿ ಆಗ್ಲಿ ಅಂತ."

ಸಿಮೆಂಟಿಗೆ ನೀರುಣಿಸದ ಕೂಲಿಯವರನ್ನು ಬಾಳಿಡೀ ಗದರಿಸಿದ ಮನುಷ್ಯ. ಸಿಮೆಂಟು ನೀರು ಕುಡಿದಷ್ಟೂ ಗಟ್ಟಿಯಾಗುತ್ತದೆ, ಮಣ್ಣಿಗೆ ಬೇಕಾದದ್ದು ಗಾಳಿ. ನಾನು ನೆಲದ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ವಿಷಯ ತಿಳಿದ ಬಡಗಿಯೂ ಸುತ್ತಿಗೆ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡ. ಮಾವನ ಮುಖ ಮಾತ್ರ ಇಷ್ಟೇ ಇಷ್ಟಾಯಿತು. "ನನ್ನ ಕೈಯಾರೆ ಹಾಳು ಮಾಡಿದ್ನಲ್ಲಮ್ಮ," ಎಂದರು.

ಹಾಳೇನೂ ಆಗಿರಲಿಲ್ಲ. ಬಡಗಿ ಸಣ್ಣದೊಂದು ತೂತು ಕೊರೆದು, ಹುಲ್ಲು ಎಳೆದು ಮೂಸಿ ನೋಡಿದ. ಕೊಳೆತ ವಾಸನೆ ಇರಲಿಲ್ಲ. ಕಿಟಕಿಗಳನ್ನೆಲ್ಲ ತೆರೆದು ಫ್ಯಾನು ಹಚ್ಚಿದೆವು. ಮಾವ ನೀರು ಹೊಡೆಯುತ್ತಿದ್ದ ಬಕೆಟ್ಟನ್ನು ತಾವಾಗಿಯೇ ನನ್ನ ಕೈಗೆ ಒಪ್ಪಿಸಿ, ಆ ಫ್ಯಾನನ್ನು ಅತ್ತಿಂದಿತ್ತ ತಿರುಗಿಸುವ ಕೆಲಸ ಹಿಡಿದರು. ಗೋಡೆಯನ್ನು ಮುಟ್ಟುವುದಕ್ಕೂ ಅವರಿಗೆ ಹೆದರಿಕೆ.

ಚಳಿ ಕಚ್ಚುವ ಮೊದಲೇ ಗೋಡೆ ಒಣಗಿತು. ಬಡಗಿ ಮೊಳೆ ಚುಚ್ಚಿ ನೋಡಿ, ಇನ್ನು ಸಾಮಾನು ತರಬಹುದು ಎಂದ. ಹೊರಡುವಾಗ ಇನ್ನೊಂದು ಮಾತು ಸೇರಿಸಿದ: ಇದು ಕಟ್ಟಿ ಮರೆತುಬಿಡುವ ಮನೆಯಲ್ಲ, ವರ್ಷ ವರ್ಷ ಬಿರುಕಿಗೆ ಮಣ್ಣು ಮೆತ್ತಿ ಸುಣ್ಣ ಬಳಿಯಬೇಕು. ನಾನೂ ಇವರೂ ಮುಖ ಮುಖ ನೋಡಿಕೊಂಡೆವು. ನಮಗೆ ಪುರುಸೊತ್ತೆಲ್ಲಿ?

ಮಾವ ಎರಡೂ ಅಂಗೈಗಳನ್ನು ಗೋಡೆಯ ಮೇಲಿಟ್ಟರು.

"ಸುಣ್ಣ ಬಳಿಯೋದು ಯಾವಾಗಂತೆ, ಕೇಳೋ."

"ಬೇಸಿಗೇಲಂತೆ ಅಪ್ಪ."

"ಹಾಗಾದ್ರೆ ಬೇಸಿಗೆಗೆ ನಾನು ಇಲ್ಲೇ ಇರಬೇಕಾಯ್ತು," ಎಂದರು ಮಾವ. "ಅದರ ಮುಂದಿನ ಬೇಸಿಗೆಗೂ."