ಕಲ್ಯಾಣದುರ್ಗಕ್ಕೆ ಬಂದ ಮ್ಯಾಂಚೆಸ್ಟರ್ ಮತ್ತು ಲಂಡನ್

ಬಾಡಿಗೆ ಮನೆ ಕೇಳಿಕೊಂಡು ಹೋದ ನನ್ನನ್ನು ಗಂಗಮ್ಮ ಬಾಗಿಲಲ್ಲೇ ತೆಲುಗಿನಲ್ಲಿ ಮಾತಾಡಿಸಿದರು. ಒಂದು ಮಾತೂ ಅರ್ಥವಾಗದೆ ನಿಂತೆ. ಅವರು ಒಳಗಿದ್ದ ಸೊಸೆಯ ಕಡೆ ತಿರುಗಿ, "ಈಯಮ್ಮಂಗೆ ನೀರು ಕೊಡು, ಬಿಸಿಲಾಗೆ ಬಂದ್ಬುಟ್ಟವ್ಳೆ" ಎಂದರು. ಅದು ಕನ್ನಡ. 2002ರಲ್ಲಿ ಮೈಸೂರು ಬಿಟ್ಟು ಆಂಧ್ರದ ಗಡಿಯ ಕಲ್ಯಾಣದುರ್ಗದ ಒಂದು ಆಸ್ಪತ್ರೆಗೆ ಲ್ಯಾಬ್ ಟೆಕ್ನಿಷಿಯನ್ ಆಗಿ ಬಂದ ಮೊದಲ ದಿನ ನಾನು ಕಲಿತದ್ದು ಇಷ್ಟು: ಇಲ್ಲಿ ಬೀದಿಯಲ್ಲಿ ತೆಲುಗು, ಅಡುಗೆಮನೆಯಲ್ಲಿ ಕನ್ನಡ.

ಗಂಗಮ್ಮನ ಮನೆಯ ಹಿಂದಿನ ಕೋಣೆ ನನ್ನದಾಯಿತು. ಮೈಸೂರಿನಲ್ಲಿ ಕಿಟಕಿ ತೆರೆದರೆ ಮರ. ಇಲ್ಲಿ ತೆರೆದರೆ ಕೆಂಪು ಧೂಳು, ದೂರದಲ್ಲಿ ಬೋಳು ಗುಡ್ಡ. ಅನ್ನದ ಜಾಗಕ್ಕೆ ಸಂಗಟಿ ಬಂತು, ಅಂದರೆ ನಮ್ಮ ಮುದ್ದೆ. ಜೊತೆಗೆ ಕಡಲೆಕಾಯಿ ಚಟ್ನಿ. ರಕ್ತ ತೆಗೆಯುವಾಗ ಎಲ್ಲರೂ ಹೇಳುತ್ತಿದ್ದ "ನೊಪ್ಪಿ" ನಾನು ಕಲಿತ ಮೊದಲ ತೆಲುಗು ಪದ. ಅದರ ಅರ್ಥ ನೋವು. ಕೆಲಸ ಮುಗಿದ ಮೇಲೆ ಆ ಒಂದು ಪದ ಇಟ್ಟುಕೊಂಡು ಯಾರ ಜೊತೆ ಮಾತಾಡಲಿ?

ತಮ್ಮ ರವಿಗೂ ನನಗೂ ತೊಂಬತ್ತರ ದಶಕದ ಬ್ರಿಟಿಷ್ ಗಿಟಾರ್ ಬ್ಯಾಂಡುಗಳ ಹುಚ್ಚಿತ್ತು. ನನ್ನದು ಮ್ಯಾಂಚೆಸ್ಟರಿನ ಅಣ್ಣತಮ್ಮಂದಿರ ಬ್ಯಾಂಡು. ಗಿಟಾರುಗಳ ಗೋಡೆಯನ್ನೇ ಎಬ್ಬಿಸಿ, ಅದರ ಮೇಲೆ ಸ್ವರ ಎಳೆದೆಳೆದು ಹಾಡುವವರು. ಅವನದು ಲಂಡನ್ನಿನದು, ಅಕ್ಕಪಕ್ಕದ ಜನರನ್ನು ಕೀಟಲೆ ಮಾಡುತ್ತ ಕತೆ ಹೇಳುವವರು. ಒಂದೇ ಟೇಪ್‌ರೆಕಾರ್ಡರು, ದಿನಾ ಜಗಳ. ಅಮ್ಮ ತೀರಿಕೊಂಡ ಮೂರನೇ ತಿಂಗಳು ನಾನು ಈ ಕೆಲಸ ಹಿಡಿದಾಗ ಅವನು ಕೇಳಿದ್ದು ಒಂದೇ: "ಹೋಗೋಕೆ ಕಾಯ್ತಾ ಇದ್ಯಾ ಅಕ್ಕ?" ಅಮ್ಮನಿಲ್ಲದ ಮನೆಯಲ್ಲಿ ನನಗೆ ಉಸಿರು ಕಟ್ಟುತ್ತಿತ್ತೆಂದು ಹೇಳಲು ಬಾಯಿ ಬರಲಿಲ್ಲ. ಆಮೇಲೆ ಮೂರು ಪತ್ರ ಬರೆದೆ. ಉತ್ತರವಿಲ್ಲ.

ಒಂದು ಭಾನುವಾರ ಸುಮ್ಮನೆ ಬಸ್ಸು ಹತ್ತಿ ಹಿಂದೂಪುರಕ್ಕೆ ಹೋದೆ. ಬಸ್ ನಿಲ್ದಾಣದ ಹತ್ತಿರದ ಕ್ಯಾಸೆಟ್ ಅಂಗಡಿಯಲ್ಲಿ, ತೆಲುಗು ಸಿನಿಮಾ ಹಾಡುಗಳ ಸಾಲಿನ ಕೊನೆಗೆ ರವಿಯ ಲಂಡನ್ ಬ್ಯಾಂಡಿನ ಕ್ಯಾಸೆಟ್ ಇತ್ತು, ಹೊದಿಕೆ ಮಾಸಿತ್ತು. ಮೈಸೂರಿನಲ್ಲಿದ್ದಾಗ ಅದನ್ನು ಮುಟ್ಟುತ್ತಿರಲಿಲ್ಲ. ಕೊಂಡುಕೊಂಡೆ.

ಸಂಜೆ ಗಂಗಮ್ಮ ಜಗಲಿಯಲ್ಲಿ ಕಡಲೆಕಾಯಿ ಸುಲಿಯುತ್ತಿದ್ದರು. ನಾನು ಕೋಣೆಯಿಂದ ಇಲ್ಲಿ ಕೊಂಡಿದ್ದ ಟೇಪ್‌ರೆಕಾರ್ಡರ್ ತಂದು ಮೊದಲು ನನ್ನ ಮ್ಯಾಂಚೆಸ್ಟರಿನವರನ್ನು ಹಾಕಿದೆ.

"ಇವ್ನು ಗುಡ್ಡದ ಮ್ಯಾಲೆ ನಿಂತ್ಕಂಡು ಕುರಿ ಕೂಗ್ದಂಗೆ ಕೂಗ್ತಾನೆ ಕಣಮ್ಮ. ಚೆನ್ನಾಗೈತೆ," ಎಂದರು.

ಆಮೇಲೆ ರವಿಯ ಲಂಡನ್ನಿನವರನ್ನು ಹಾಕಿದೆ. ಅವರ ಕೈ ನಿಧಾನವಾಯಿತು.

"ಇವ್ನು ಯಾರ್ನೋ ಆಡ್ಕಂತಾವ್ನೆ. ಆಡ್ಕಂಡು ಆಡ್ಕಂಡು ಕಡೀಕೆ ತಾನೇ ಅಳೋ ಹಂಗಾಗ್ತಾನೆ. ಯಾಕಮ್ಮ?"

ರವಿ ವರ್ಷಗಟ್ಟಲೆ ಹೇಳಿದ್ದೂ ಇದನ್ನೇ. ನನ್ನ ಕಿವಿಗೆ ಅದು ಬಿದ್ದಿರಲಿಲ್ಲ.

"ಇದು ನನ್ನ ತಮ್ಮನಿಗಿಷ್ಟ," ಎಂದೆ. "ಅವನು ನನ್ನ ಜೊತೆ ಮಾತಾಡಲ್ಲ."

"ನೀನು ಮಾತಾಡು. ಅವ್ನು ಕೇಳಿಸ್ಕಂತಾನೆ."

ಮರುದಿನ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದೆ. ರವಿಯೇ ಎತ್ತಿದ.

"ನಿನ್ನ ಲಂಡನ್ನಿನವರು ನಗಿಸಲ್ಲ ಕಣೋ, ಅಳ್ತಾರೆ. ನೀನು ಹೇಳಿದ್ದು ಸರಿ," ಎಂದೆ.

"ಈಗ ಅದೆಲ್ಲ ಕೇಳಲ್ಲ ಅಕ್ಕ," ಎಂದ. ಇಟ್ಟುಬಿಡುತ್ತಾನೆ ಅಂದುಕೊಂಡೆ. "ಆದ್ರೆ ನಿನ್ನ ಮ್ಯಾಂಚೆಸ್ಟರಿನವರು ಈಗಲೂ ವೇಸ್ಟೇ."

ನಾನು ಬಿಡಲಿಲ್ಲ, ವಾದಿಸಿದೆ. ಮಾತಿನ ಮಧ್ಯೆ ಅವನು, "ಆ ಮನೇಲಿ ಒಬ್ಬನೇ ಇರೋಕಾಗಲ್ಲ," ಎಂದ. "ನಂಗೂ ಆಗ್ತಿರ್ಲಿಲ್ಲ, ಅದಕ್ಕೇ ಬಂದೆ," ಎಂದೆ. ಅದನ್ನು ಹೇಳಲು ನನಗೆ ಎಂಟು ತಿಂಗಳು ಹಿಡಿದಿತ್ತು.

ದಸರೆಗೆ ಮೈಸೂರಿಗೆ ಹೋದೆ. ನಾಲ್ಕು ದಿನ ಇಬ್ಬರೂ ಅಡುಗೆ ಮಾಡಿಕೊಂಡು ಉಂಡೆವು. ಕೈ ಸುಟ್ಟುಕೊಂಡಾಗ ನನ್ನ ಬಾಯಿಂದ ತೆಲುಗು ಬಂತು, ರವಿ ನಕ್ಕ. ಕಲ್ಯಾಣದುರ್ಗದಲ್ಲಿ ನಾನು ಇನ್ನೂ "ಮೈಸೂರಮ್ಮ", ಯಾವತ್ತಾದರೂ ಹೊರಟುಹೋಗುವವಳು. ಕೊನೆಯ ಬೆಳಿಗ್ಗೆ ಕಾಫಿ ಕೊಡುತ್ತ ಅವನು ಕೇಳಿದ: "ಅಕ್ಕ, ಮನೆಗೆ ಯಾವಾಗ ಹೊರಡ್ತೀಯಾ?"

ಅವನ ಬಾಯಲ್ಲಿ ಕಲ್ಯಾಣದುರ್ಗ ನನ್ನ ಮನೆಯಾಗಿತ್ತು. ತಿದ್ದಬೇಕೆನಿಸಿತು. ತಿದ್ದದೆ, "ಹತ್ತು ಗಂಟೆ ಬಸ್ಸಿಗೆ," ಎಂದೆ.