ಬೈಕಿನ ಬಾಣಂತನ

ಬಚ್ಚಲೊಲೆಯ ತೆಂಗಿನಸಿಪ್ಪೆಯ ಹೊಗೆಗೆ ಎಲ್ಲಿಂದಲೋ ಒಂದಿಷ್ಟು ಪೆಟ್ರೋಲ್ ವಾಸನೆ ಬೆರೆತರೆ ಸಾಕು, ನನಗೆ ಈಗಲೂ ನಗು ಬರುತ್ತದೆ. ಕುಂದಾಪುರದ ಹೊಳೆಬದಿಯ ಅಮ್ಮಮ್ಮನ ಮನೆ ಕಣ್ಣೆದುರು ನಿಲ್ಲುತ್ತದೆ. ಅಮ್ಮಮ್ಮ ಬಾಣಂತಿಯರನ್ನು ಮೀಯಿಸುವವಳು. ಮಂಡಿನೋವಿನಿಂದ ಬಸ್ಸು ಹತ್ತಲಾಗುತ್ತಿರಲಿಲ್ಲ. ಜಗಲಿಯ ಮೆಟ್ಟಿಲಿಂದ ನೇರ ಬೈಕಿಗೆ ಕೂರುವುದಾದರೆ ಸಲೀಸು. ಅವಳ ಮಗ, ನಮ್ಮ ಮಾವ, ದಿನಾ ಮನೆಮನೆಗೆ ಬಿಟ್ಟು ಬರುತ್ತಿದ್ದ. ಒಂದು ಕೈಯಲ್ಲಿ ಎಣ್ಣೆ ಬಾಟಲಿ, ಇನ್ನೊಂದರಲ್ಲಿ ಮಾವನ ಅಂಗಿ ಹಿಡಿದು ಕೂತರೆ ಅವಳ ಗತ್ತೇ ಬೇರೆ.

ಒಂದು ಮಳೆಗಾಲ ನೆರೆಯೂ ಉಬ್ಬರವೂ ಒಟ್ಟಿಗೆ ಬಂದು ಅಂಗಳಕ್ಕೆ ಉಪ್ಪುನೀರು ನುಗ್ಗಿತು. ನೀರಿಳಿದಾಗ ನೋಡಿದರೆ ಬೈಕು ಸೀಟಿನವರೆಗೂ ಕೆಸರು ಮೆತ್ತಿಕೊಂಡು ನಿಂತಿದೆ. ಅತ್ತ ತೆಕ್ಕಟ್ಟೆಯಲ್ಲಿ ಚೊಚ್ಚಲ ಬಾಣಂತಿಯೊಬ್ಬಳು ಅಮ್ಮಮ್ಮನಿಗಾಗಿ ಕಾಯುತ್ತಿದ್ದಳು. "ಇದ್ ಹೋದ್ರೆ ನನ್ ಕೆಲ್ಸವೂ ಹೋಯ್ತ್ ಮಗಾ," ಎಂದಳು ಅಮ್ಮಮ್ಮ. ಅವಳ ಮುಖ ಅಷ್ಟು ಸಣ್ಣದಾದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಮಾವ ಪ್ಲಗ್ ಬಿಚ್ಚಿ, ಆಯಿಲ್ ಇಳಿಸಿದ. ಬಂದದ್ದು ಹಾಲು ಹೆಚ್ಚಾದ ಚಹಾದಂಥ ನೀರು. ಅಷ್ಟರಲ್ಲಿ ಅಮ್ಮಮ್ಮ ಹಂಡೆಗೆ ಬೆಂಕಿ ಹಾಕಿಯಾಗಿತ್ತು.

"ಅಬ್ಬೀ, ಇದ್ ಬೈಕ್, ಬಾಣಂತಿ ಅಲ್ಲ!" ಎಂದು ಮಾವ ತಾಯಿಯನ್ನು ತಡೆದ.

"ಒಳ್ಗೆ ನೀರ್ ಹೊಕ್ಕದ್ದಲ್ದಾ? ಥಂಡಿ ಬಿಡ್ಕಾರೆ ಬಿಸಿನೀರೇ ಆಯ್ಕ್."

ಮಾವ ಸೋತ. ಪೆಟ್ರೋಲ್ ಟ್ಯಾಂಕ್ ಕಳಚಿ ದೂರದ ತೆಂಗಿನ ಬುಡದಲ್ಲಿಟ್ಟು, ಎಂಜಿನ್ನಿನ ತೆರೆದ ಬಾಯಿಗಳಿಗೆಲ್ಲ ಬಟ್ಟೆ ತುರುಕಿ, ಉಪ್ಪುಕೆಸರು ಹೋಗುವ ತನಕ ಮೀಯಿಸಿದರು. ನಾವು ಮಕ್ಕಳು ಚೆಂಬು ಹಿಡಿದು ಕುಣಿದಾಡಿದೆವು. ಬಿಚ್ಚಿದ ಕಾರ್ಬುರೇಟರಿನ ತುಂಡುಗಳು ಅಕ್ಕಿ ಗೇರುವ ಗೆರಸೆಯಲ್ಲಿ ಬಚ್ಚಲೊಲೆಯ ಬದಿಗೆ ಮಲಗಿದವು; ಮೇಲೆ ಕೂಸುಗಳಿಗೆಂದು ಎತ್ತಿಟ್ಟ ಹಳೇ ಸೀರೆಯ ಹೊದಿಕೆ. ಗಾಳಿ ತಾಗಬಾರದೆಂದು ಬಾಗಿಲನ್ನೂ ಹಾಕಿಸಿದಳು. ಧೂಪದ ಹೊಗೆ ಕೊಡಲು ಹೊರಟಾಗ ಮಾತ್ರ ಮಾವ ಕೈಮುಗಿದ.

ಮರುದಿನ ಎಲ್ಲ ಜೋಡಿಸಿ, ಹೊಸ ಆಯಿಲ್ ಹಾಕಿ ಕಿಕ್ ಹೊಡೆದ. ಊಹೂಂ. ಮತ್ತೆ ಹೊಡೆದ. ಅಮ್ಮಮ್ಮ ಎಣ್ಣೆ ಬಾಟಲಿ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದಳು. ಕೊನೆಗೊಮ್ಮೆ ಬೈಕು ಕೆಮ್ಮಿತು, ಸೈಲೆನ್ಸರಿನಿಂದ ನೀರು ಕಾರಿತು, ಬಿಳಿಹೊಗೆ ಬಿಡುತ್ತ ಒಂದೇ ಸಮನೆ ಅರಚತೊಡಗಿತು.

"ಕೂಸ್ ಕೂಗ್ತ್ ಕಾಣಿ!" ಎಂದು ಅಮ್ಮಮ್ಮ ಕಿರುಚಿದಳು. ಬೇಲಿಯಾಚೆಯಿಂದ ಪಕ್ಕದ ಮನೆಯವರ ದನಿ: "ಹ್ವಾಯ್, ಎಂತ ಕೂಸ್? ಗಂಡಾ, ಹೆಣ್ಣಾ?" ಅಷ್ಟರೊಳಗೆ ಅವಳು ಬೈಕು ಹತ್ತಿಯಾಗಿತ್ತು.

ಈಗ ಅಮ್ಮಮ್ಮನೂ ಇಲ್ಲ, ಬೈಕೂ ಇಲ್ಲ. ಬಚ್ಚಲಲ್ಲಿ ಗೀಸರ್ ಬಂದಿದೆ. ಅವಳು ಮೀಯಿಸಿದ ಕೊನೆಯ ಬಾಣಂತಿ ನಾನು. ಆ ಸುಡುನೀರಿಗೆ ನಾನು ಕಿರುಚಿದರೆ, "ಬೈಕೇ ತಡ್ಕಂಡಿತ್ ಮಗಾ, ನಿಂಗೆಂತ ಆಯ್ತ್?" ಎಂದು ನಕ್ಕಿದ್ದಳು. ಹೊರಗೆ ಮಾವ ಅವಳನ್ನು ಮನೆಗೆ ಕರೆದೊಯ್ಯಲು ಅದೇ ಬೈಕನ್ನು ಚಾಲೂ ಮಾಡಿಕೊಂಡು ಕಾಯುತ್ತಿದ್ದ. ಅವಳಿಗೆ ಅವತ್ತು ಯಾಕೋ ಅವಸರವಿರಲಿಲ್ಲ; ನನ್ನ ಬೆನ್ನಿಗೆ ಇನ್ನೊಂದು ಚೆಂಬು ಹೊಯ್ದಳು.